ನಾಯಿ ಕಟ್ಟಿದ್ದೀರಾ?

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಕೇಳುವುದು "ಚೆನ್ನಾಗಿದ್ದೀರಾ" ಎಂದಲ್ಲ, "ನಾಯಿ ಕಟ್ಟಿದ್ದೀರಾ" ಎಂದು. ಗೇಟಿನ ಆಚೆ ನಿಂತು ಹೀಗೆ ಕೂಗುವುದು, ಒಳಗಿನಿಂದ ಯಾರಾದರೂ "ಬಂದೆ, ಬಂದೆ, ಒಂದ್ನಿಮಿಷ" ಎನ್ನುತ್ತ ಚಪ್ಪಲಿ ಸಿಕ್ಕಿಸಿಕೊಂಡು ಓಡಿಬಂದು ನಾಯಿಯ ಕೊರಳಪಟ್ಟಿ ಹಿಡಿಯುವುದು, ಅದು ಕೊಸರಾಡುತ್ತ ಬೊಗಳುವುದು, ಬಂದವರು ಗೇಟಿನ ಚಿಲಕ ತೆಗೆಯುವುದು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನಲ್ಲಿ ಇದೇ ಕ್ರಮ. ಇದರಲ್ಲಿ ಒಂದು ತಮಾಷೆ ಇದೆ. ಬಂದದ್ದು ಯಾರು ಎಂದು ಮೊದಲು ಯಾರೂ ಕೇಳುವುದಿಲ್ಲ. ಮೊದಲು ನಾಯಿ ಕಟ್ಟುವುದು, ಆಮೇಲೆ ಮುಖ ನೋಡುವುದು. ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ವಿಚಾರಣೆ ಮಾಡುವುದೆಂದರೆ ನಮಗೇ ನಾಚಿಕೆ.

ನಮ್ಮನೆಯ ಟೈಗರ್‌ಗೆ ಈಗ ಹಲ್ಲಿಲ್ಲ. ಅನ್ನವನ್ನು ಕಿವುಚಿ ಹಾಕಬೇಕು. ಆದರೂ ಯಾರಾದರೂ ಕೂಗಿದರೆ ಓಡಿಹೋಗಿ ಕಟ್ಟುತ್ತೇನೆ. ಕಟ್ಟದಿದ್ದರೆ ಬಂದವರು ಇದನ್ನು ನಾಯಿಯೆಂದೇ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಅದಕ್ಕೆ ಬೇಸರವಾದೀತು ಎಂಬುದು ನನ್ನ ಊಹೆ. ಮೊನ್ನೆ ಕೊರಿಯರ್‌ನವನು ಗೇಟಿನಲ್ಲಿ ಕೂಗಿದ. ನಾನು ಎಂದಿನಂತೆ ಧಡಕ್ಕನೆ ಎದ್ದೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಮಿತ್ರ, "ಮೊದ್ಲು ಯಾರು ಅಂತ ಕೇಳಿ. ಒಂದ್ಸಲ ಕಟ್ಟಿ ಮಾಡ್ಕೊಂಡಿದ್ದು ಸಾಕು" ಎಂದಳು. ಅವಳು ಹೇಳಿದ್ದು ಟೈಗರ್ ವಿಷಯವಲ್ಲ. ಅದು ಬೇರೆ ನಾಯಿ. ಆ ಕಥೆ ನಿಮಗೆ ಹೇಳಿಬಿಡುತ್ತೇನೆ. ಹೇಗೂ ಊರಿಗೆಲ್ಲ ಗೊತ್ತಾಗಿದೆ.

ನಾನು ಹತ್ತೊಂಬತ್ತು ವರ್ಷ ಒಂದೇ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಶೃಂಗೇರಿಯಿಂದ ಹೊರಟು ಹರಿಹರಪುರ, ಕೊಪ್ಪ, ಎನ್.ಆರ್.ಪುರದ ಮೇಲೆ ಮುತ್ತಿನಕೊಪ್ಪಕ್ಕೆ ಹೋಗುವ ಬಸ್ಸು ಅದು. ನನ್ನ ಹೆಸರು ಶ್ರೀನಿವಾಸ, ಕರೆಯುವುದು ಶೀನ. ಅದೇ ಹತ್ತೊಂಬತ್ತು ವರ್ಷ ಆ ಬಸ್ಸಿನ ಡ್ರೈವರ್ ಎನ್.ಆರ್.ಪುರದ ಅಬ್ಬಾಸಣ್ಣ. ನನಗಿಂತ ಒಂಬತ್ತು ವರ್ಷ ದೊಡ್ಡವರು, ನನಗಿಂತ ಒಂಬತ್ತು ಪಾಲು ಕಡಿಮೆ ಮಾತಿನವರು. ಬಸ್ಸು ಗುಜರಿಗೆ ಹೋದ ಮೇಲೆ ನಾನು ಕೊಪ್ಪದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟೆ. ಅವರು ಇನ್ನೊಂದು ಬಸ್ಸು ಹತ್ತಿದರು. ಆದರೆ ಹೊಸ ಬಸ್ಸಿನ ಬಗ್ಗೆ ಕೇಳಿದರೆ "ಓಡ್ತದೆ" ಎಂದಷ್ಟೇ ಹೇಳುತ್ತಿದ್ದರು. ಹೊಸ ಕಂಡಕ್ಟರ್ ಬಗ್ಗೆ ಕೇಳಿದರೆ ಅದೂ ಹೇಳುತ್ತಿರಲಿಲ್ಲ. ಇದರಿಂದ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದೇಕೆ?

ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಜೀವಕ್ಕೆ ಏನೂ ಆಗಲಿಲ್ಲ, ಎಡಗೈ ಮಾತ್ರ ಸ್ವಾಧೀನ ತಪ್ಪಿತು. ಡ್ರೈವರ್‌ಗೆ ಎಡಗೈ ಎಂದರೆ ಗೇರು. ಗೇರು ಹೋದರೆ ಬಸ್ಸೂ ಹೋದಂತೆಯೇ. ಆಸ್ಪತ್ರೆಯವರು ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಾ ಇನ್ನೂರು ಸಲ ಹಿಸುಕಬೇಕು ಎಂದರು. ಅಬ್ಬಾಸಣ್ಣ ಎರಡು ದಿನ ಹಿಸುಕಿ, "ಇದೆಂತ ಮಕ್ಕಳಾಟ" ಎಂದು ಕಿಟಕಿಯ ಮೇಲಿಟ್ಟರು. ಮನೆಯ ಬೆಕ್ಕು ಅದನ್ನು ಉರುಳಿಸಿಕೊಂಡು ಹೋಯಿತು. ಆಮೇಲೆ ಚೆಂಡು ಬೆಕ್ಕಿನದೇ ಆಯಿತು.

ಅವರ ಮಗಳು ನಸೀಮ ಎನ್.ಆರ್.ಪುರದಲ್ಲಿ ಕಂಪ್ಯೂಟರ್ ಕಲಿಸುವ ಕೆಲಸದಲ್ಲಿದ್ದಾಳೆ. ಒಂದು ದಿನ ಅವಳು ನನಗೆ ಫೋನ್ ಮಾಡಿ, "ಶೀನಣ್ಣ, ಅಬ್ಬನ ಕೈ ಮರಗಟ್ಟಿಹೋಗ್ತಾ ಇದೆ. ಎಷ್ಟು ಹೇಳಿದ್ರೂ ವ್ಯಾಯಾಮ ಮಾಡಲ್ಲ. ನಿಮ್ಮ ಮಾತಾದ್ರೂ ಕೇಳ್ತಾರೇನೋ ನೋಡಿ" ಎಂದಳು. ಹತ್ತೊಂಬತ್ತು ವರ್ಷ ನನ್ನ ಮಾತು ಕೇಳಿದವರು ಈಗಲೂ ಕೇಳದಿರುತ್ತಾರೆಯೇ ಎಂದು ಹೋದೆ. ಕೇಳಲಿಲ್ಲ. ಚೆಂಡು ಬೆಕ್ಕಿನ ಬಾಯಲ್ಲೇ ಇತ್ತು. ಕೊನೆಗೆ ನಸೀಮಳೇ ಒಂದು ಉಪಾಯ ಹೇಳಿದಳು. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ ಇದೆಯಂತೆ. ಮೇಜಿಗೆ ಸಿಕ್ಕಿಸುವ ಸ್ಟೀರಿಂಗ್, ಪಕ್ಕದಲ್ಲಿ ನಿಜವಾದ ಗೇರ್ ಕಡ್ಡಿ, ಕೆಳಗೆ ಪೆಡಲ್ಲು ಸಿಗುತ್ತವಂತೆ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದು ಹಳೆಯದು ನಮ್ಮ ಮನೆಯ ಚಾವಡಿಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ನಸೀಮ ಸ್ಟೀರಿಂಗು, ಗೇರು ಎಲ್ಲ ತರಿಸಿ, ಅದರ ಹೊಟ್ಟೆ ಬಿಚ್ಚಿ ಏನೋ ಒಂದು ಹೊಸದಾಗಿ ಸೇರಿಸಿ ಆಟ ಕೂರಿಸಿಕೊಟ್ಟಳು. ಅಂದಿನಿಂದ ಭಾನುವಾರದ ಹತ್ತೂವರೆಯ ಬಸ್ಸಿಗೆ ಅಬ್ಬಾಸಣ್ಣ ಕೊಪ್ಪದಲ್ಲಿ ಇಳಿಯುವುದು ರೂಢಿಯಾಯಿತು.

ಮೊದಲ ದಿನವೇ ತಕರಾರು. ಆಟದ ರಸ್ತೆ ಯಾವುದೋ ಪರದೇಶದ್ದು. ಆರು ಲೇನು, ಒಂದು ಗುಂಡಿಯಿಲ್ಲ, ಒಂದು ತಿರುವಿಲ್ಲ. ಅಬ್ಬಾಸಣ್ಣ ಟಾಪ್ ಗೇರಿಗೆ ಹಾಕಿ ಹತ್ತು ನಿಮಿಷ ಕೈ ಬಿಟ್ಟು ಕುಳಿತರು. "ಇದ್ರಲ್ಲಿ ಡ್ರೈವರ್ ಎಂತಕ್ಕೆ ಮಾರಾಯ? ಕಲ್ಲು ಕಟ್ಟಿ ಬಿಟ್ರೂ ಹೋಗ್ತದೆ" ಎಂದರು. ಗೇರು ಬದಲಿಸದಿದ್ದರೆ ಕೈಗೆ ವ್ಯಾಯಾಮವೆಲ್ಲಿಂದ ಬಂತು? ನಸೀಮಳನ್ನು ಕೇಳಿದೆ. ಆಟಕ್ಕೆ ನಮಗೆ ಬೇಕಾದ ರಸ್ತೆ, ಬೇಕಾದ ಬಸ್ಸು ನಾವೇ ಮಾಡಿ ಸೇರಿಸಬಹುದು, ಬೇರೆಯವರು ಮಾಡಿದ್ದನ್ನೂ ತಂದು ಹಾಕಬಹುದು, ಅದಕ್ಕೆ ಮಾಡ್ ಅನ್ನುತ್ತಾರೆ ಎಂದಳು.

"ಮಾಡ್ ಅಂದ್ರೆ ಎಂತ ಮಾಡದು?" ಎಂದರು ಅಬ್ಬಾಸಣ್ಣ.

"ಎಂತ ಬೇಕಾದ್ರೂ ಮಾಡದು" ಎಂದೆ.

"ಹಂಗಾದ್ರೆ ನಮ್ ರೋಡ್ ಮಾಡು."

ಎರಡು ವರ್ಷ ಮಾಡಿದೆವು. ಅವರು ಕಣ್ಣು ಮುಚ್ಚಿ ಹೇಳುವುದು, ನಾನು ಮೌಸು ಹಿಡಿದು ಎಳೆಯುವುದು. ರಸ್ತೆ ಅಗಲ ಮಾಡುವ ಮೊದಲು ಹೇಗಿತ್ತೋ ಹಾಗೆಯೇ ಆಗಬೇಕು ಎಂದು ಅವರ ಹಟ. ಎಲ್ಲಿ ಸೆಕೆಂಡಿಗೆ ಇಳಿಸಬೇಕು, ಎಲ್ಲಿ ಎದುರಿನ ಗಾಡಿಗೆ ಜಾಗ ಕೊಡಲು ಮಣ್ಣಿಗೆ ಇಳಿಯಬೇಕು, ಎಲ್ಲಿ ಹಾಲಿನ ಕ್ಯಾನು ಹತ್ತುತ್ತಿತ್ತು, ಎಲ್ಲಿ ಹಲಸಿನ ಮರದ ಕೊಂಬೆ ಬಸ್ಸಿನ ನೆತ್ತಿ ಕೆರೆಯುತ್ತಿತ್ತು, ಒಂದನ್ನೂ ಬಿಡಲಿಲ್ಲ. ಹರಿಹರಪುರ ದಾಟಿದ ಮೇಲಿನ ಒಂದು ತಿರುವಿನಲ್ಲಿ ಯಾವಾಗಲೂ ಒಂದು ಕಂದು ದನ ಮಲಗಿರುತ್ತಿತ್ತು. ಅದೂ ಬೇಕು ಎಂದರು. ಆಟದಲ್ಲಿ ದನವಿರಲಿಲ್ಲ. ಒಂದು ಬಂಡೆ ಸಿಕ್ಕಿತು. ಅದಕ್ಕೆ ಕಂದು ಬಣ್ಣ ಬಳಿದು ಮಲಗಿಸಿದೆ. ಅಬ್ಬಾಸಣ್ಣ ಪ್ರತಿ ಭಾನುವಾರ ಆ ಬಂಡೆಗೆ ಹಾರ್ನ್ ಮಾಡಿ, ಎರಡು ಕ್ಷಣ ಕಾಯ್ದು, ಅದು ಏಳದಿದ್ದರೆ "ಹಡಬೆ ದನ" ಎಂದು ಬೈದು ಸುತ್ತಿಕೊಂಡು ಹೋಗುತ್ತಿದ್ದರು. ಸುಮಿತ್ರ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ನಗುವುದಿರಲಿ, ಕೈ ಏಳತೊಡಗಿತು. ಮೊದಲು ಬಲಗೈಯಿಂದ ಎಡಗೈಯನ್ನು ಎತ್ತಿ ಗೇರಿನ ಮೇಲಿಡಬೇಕಿತ್ತು. ಆರು ತಿಂಗಳಿಗೆ ಅದಾಗಿಯೇ ಹೋಗುತ್ತಿತ್ತು. ರಸ್ತೆ ಪೂರ್ತಿಯಾಗುವ ಹೊತ್ತಿಗೆ ಶೃಂಗೇರಿಯಿಂದ ಮುತ್ತಿನಕೊಪ್ಪದವರೆಗೆ ಇನ್ನೂರಲ್ಲ, ಮುನ್ನೂರು ಸಲ ಗೇರು ಬೀಳುತ್ತಿತ್ತು. ಒಂದು ದಿನ ನಮ್ಮ ಮನೆಯಲ್ಲಿ ಚಹಾದ ಲೋಟವನ್ನು ಎಡಗೈಯಲ್ಲಿ ಎತ್ತಿ ಕುಡಿದರು. ಅವರಿಗೆ ಗೊತ್ತೇ ಆಗಲಿಲ್ಲ. ನಾನೂ ಸುಮಿತ್ರಳೂ ಮುಖ ಮುಖ ನೋಡಿಕೊಂಡೆವು.

ಇಷ್ಟಕ್ಕೇ ನಾನು ನಿಲ್ಲಿಸಬೇಕಿತ್ತು. ಆದರೆ ಅಬ್ಬಾಸಣ್ಣನಿಗೆ ಒಂದು ಕೊರತೆ ಉಳಿದಿತ್ತು. ಆಟದ ಬಸ್ಸಿನ ಹಾರ್ನ್ ಆಡಿನ ಮರಿ ಕೂಗಿದ ಹಾಗಿತ್ತು. ನಮ್ಮ ಹಳೆಯ ಬಸ್ಸಿನ ಹಾರ್ನ್ ಕೇಳಿದವರು ಮರೆಯುವಂತಿಲ್ಲ. ಏರಿನ ಕೆಳಗೆ ಬಾರಿಸಿದರೆ ಮೇಲಿನ ಊರಿನವರು ಬಚ್ಚಲಿಂದ ಹೊರಬಂದು ತಲೆ ಬಾಚಿ ಬಸ್ಸು ಹಿಡಿಯುತ್ತಿದ್ದರು. "ಹಾರ್ನ್ ಒಂದು ಸರಿ ಇದ್ದಿದ್ರೆ..." ಎಂದು ಅವರು ಒಂದು ಸಲ ಅಂದರು. ನನಗೆ ಅಷ್ಟು ಸಾಕಾಯಿತು. ಮುಂದಿನ ಭಾನುವಾರ ಅವರು ಬಂದು ಕುಳಿತು ಹಾರ್ನ್ ಒತ್ತಿದಾಗ ಹಳೆಯ ಸದ್ದೇ ಬಂದರೆ ಹೇಗಿರುತ್ತದೆ, ಅವರ ಮುಖ ಹೇಗಾಗುತ್ತದೆ ಎಂದು ಅಂಗಡಿಯಲ್ಲಿ ಜೆರಾಕ್ಸ್ ಮಾಡುತ್ತಲೇ ಒಬ್ಬನೇ ನಗುತ್ತಿದ್ದೆ. ಯಾರದೋ ಪಡಿತರ ಚೀಟಿಯನ್ನು ತಲೆಕೆಳಗಾಗಿ ಹತ್ತು ಪ್ರತಿ ತೆಗೆದುಕೊಟ್ಟೆ.

ಹುಡುಕಿದೆ. ನಸೀಮ ಮಾಡ್ ಎಲ್ಲಿಂದ ತರಬೇಕು ಎಂದು ಒಂದು ಜಾಗ ತೋರಿಸಿಕೊಟ್ಟಿದ್ದಳು. ಅಲ್ಲಿ ಮಾಡಿದವರ ಹೆಸರಿರುತ್ತದೆ, ಬಳಸಿದವರು ಬೈದದ್ದು ಹೊಗಳಿದ್ದು ಎಲ್ಲ ಇರುತ್ತದೆ. ಅಲ್ಲಿ ನಮ್ಮ ಬಸ್ಸು ಇರಲಿಲ್ಲ. ಬೇರೆ ಎಲ್ಲೋ ಒಂದು ಪುಟ ಸಿಕ್ಕಿತು. "ಹಳೆಯ ಮಲೆನಾಡು ಬಸ್ಸು, ಅಸಲಿ ಹಾರ್ನ್ ಸಮೇತ, ಪೂರ್ತಿ ಉಚಿತ." ಕೆಳಗೆ ಹನ್ನೆರಡು ಜನ ಸೂಪರ್ ಬಸ್ಸು ಎಂದು ಬರೆದಿದ್ದರು. ಹನ್ನೆರಡೂ ಜನ ಅದೇ ಮಾತನ್ನು, ಅದೇ ಕಾಗುಣಿತದ ತಪ್ಪಿನಲ್ಲಿ ಬರೆದಿದ್ದರು ಎಂಬುದು ಆಮೇಲೆ ನಸೀಮ ತೋರಿಸಿದಾಗ ಕಂಡಿತು. ಬಸ್ಸು ಇಳಿಸಿಕೊಂಡೆ. ಜೊತೆಗೆ ಒಂದು ಸೂಚನೆಯ ಚೀಟಿಯೂ ಬಂತು: ಇದನ್ನು ತೆರೆಯುವ ಮೊದಲು ನಿಮ್ಮ ಆಂಟಿವೈರಸ್ ಬಂದ್ ಮಾಡಿ, ಇಲ್ಲದಿದ್ದರೆ ಅದು ಸುಮ್ಮಸುಮ್ಮನೆ ಗಲಾಟೆ ಮಾಡುತ್ತದೆ.

ನಿಜವಾಗಿಯೂ ಗಲಾಟೆ ಮಾಡುತ್ತಿತ್ತು. ಕೆಂಪು ಅಕ್ಷರದಲ್ಲಿ ಮೂಲೆಯಿಂದ ಎದ್ದೆದ್ದು ಬರುತ್ತಿತ್ತು. ಮನೆ ಬಾಗಿಲಿಗೆ ಬಂದವರು ಹೊರಗೆ ನಿಂತು ನಾಯಿ ಕಟ್ಟಿ ಎನ್ನುತ್ತಿದ್ದಾರೆ, ಒಳಗಿನದು ಬೊಗಳುತ್ತಿದೆ. ಹುಟ್ಟಿದಾಗಿನಿಂದ ಏನು ಮಾಡಿಕೊಂಡು ಬಂದಿದ್ದೇನೋ ಅದನ್ನೇ ಮಾಡಿದೆ. "ಸುಮ್ನಿರು" ಎಂದು ಅದಕ್ಕೆ ಗದರಿ, ಬಂದ್ ಮಾಡಿ, ಬಂದವರನ್ನು ಒಳಗೆ ಕರೆದೆ. ನಾನು ಗದರಿದ್ದಕ್ಕೆ ಜಗುಲಿಯ ಟೈಗರ್ ಬಾಲ ಮುದುರಿಕೊಂಡಿತು.

ಬಸ್ಸು ಬರಲಿಲ್ಲ. ಏನೋ ಕಪ್ಪಗೆ ಒಂದು ಕಿಟಕಿ ತೆರೆದು ಮುಚ್ಚಿತು. ಅರ್ಧ ಗಂಟೆಯಲ್ಲಿ ಕಂಪ್ಯೂಟರಿನೊಳಗಿನ ಒಂದೊಂದು ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡವು. ಯಾವುದನ್ನು ಒತ್ತಿದರೂ ತೆರೆಯಲಿಲ್ಲ. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಿದ್ದರೆ ಹಣ ಕಳಿಸಿ ಎಂದು ಇಂಗ್ಲಿಷಿನಲ್ಲಿ ಒಂದು ಓಲೆ ಮೂಡಿತು. ಬೀಗ ಬಿದ್ದದ್ದರಲ್ಲಿ ನಮ್ಮ ರಸ್ತೆಯೂ ಇತ್ತು. ಶೃಂಗೇರಿಯಿಂದ ಮುತ್ತಿನಕೊಪ್ಪದವರೆಗೆ, ಎರಡು ವರ್ಷದ ರಸ್ತೆ. ಬಂಡೆಯ ದನ ಸಮೇತ.

ನಸೀಮ ಮಧ್ಯಾಹ್ನದ ಬಸ್ಸಿಗೆ ಓಡಿಬಂದಳು. ಬಂದವಳೇ ಮೊದಲು ಇಂಟರ್ನೆಟ್ಟಿನ ವೈರು ಕಿತ್ತಳು. ತನ್ನ ಫೋನಿನಿಂದ ನನ್ನ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದಳು. ಅಂಗಡಿಯ ಕಂಪ್ಯೂಟರ್ ಬೇರೆಯಾಗಿದ್ದರಿಂದ ಜನರ ಕಾಗದಪತ್ರಗಳಿಗೆ ಏನೂ ಆಗಿರಲಿಲ್ಲ. ಅದೊಂದು ಪುಣ್ಯ. "ದುಡ್ಡು ಕಳಿಸಿ ನೋಡ್ಲಾ?" ಎಂದು ಹೆದರುತ್ತ ಕೇಳಿದೆ.

"ಕಳ್ಳರು ಬೀಗದ ಕೈ ವಾಪಸ್ ಕೊಡ್ತಾರೆ ಅಂತ ಯಾರು ಹೇಳಿದ್ದು ನಿಮಗೆ? ಕೂತ್ಕೊಳ್ಳಿ, ಒಂದು ತೋರಿಸ್ತೀನಿ" ಎಂದು ಫೈಲಿನ ಪೂರ್ತಿ ಹೆಸರು ಕಾಣುವ ಹಾಗೆ ಏನೋ ಮಾಡಿದಳು. ಬಸ್ಸು ಎಂದು ನಾನು ತಂದದ್ದಕ್ಕೆ ಮಾತ್ರ ಬೀಗ ಬಿದ್ದಿರಲಿಲ್ಲ, ಅದರ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಮುಂದೆ ಇ, ಎಕ್ಸ್, ಇ ಎಂಬ ಮೂರು ಅಕ್ಷರ ಇದ್ದವು. "ಬಸ್ಸಿನ ಮಾಡ್ ಅಂದ್ರೆ ಬಣ್ಣ, ಬಾಡಿ, ಹಾರ್ನ್, ಅಷ್ಟೆ ಶೀನಣ್ಣ. ಅದು ಹೋಗಿ ಆಟದ ಫೋಲ್ಡರಲ್ಲಿ ತೆಪ್ಪಗೆ ಕೂತ್ಕೋಬೇಕು. ಈ ಮೂರಕ್ಷರ ಇದ್ರೆ ಅದು ತಾನೇ ಓಡೋ ಪ್ರೋಗ್ರಾಮು. ಬಸ್ಸು ಕೇಳಿದ್ರೆ ನೀವು ಗುರುತಿಲ್ಲದ ಡ್ರೈವರನ್ನ ಕರ್ಕೊಂಡು ಬಂದಿದೀರಿ. ಹೆಸರು ನೋಡಿ ಒಳಗೆ ಬಿಟ್ಟಿರಾ?"

ಈ ಮಾತು ನನಗೆ ಚುಚ್ಚಿತು. ಯಾಕೆಂದರೆ ಬಸ್ಸಿನ ಬೋರ್ಡನ್ನಷ್ಟೇ ನೋಡಿ ಹತ್ತುವವರನ್ನು ಹತ್ತೊಂಬತ್ತು ವರ್ಷ ಬೈದವನು ನಾನು. ನಮ್ಮ ಬಸ್ಸಿನ ಬೋರ್ಡು ತಿರುಗಿಸಲು ಎಷ್ಟೋ ಸಲ ಮರೆತುಹೋಗುತ್ತಿತ್ತು. ಮುತ್ತಿನಕೊಪ್ಪಕ್ಕೆ ಹೋಗುವಾಗಲೂ ಶೃಂಗೇರಿ ಎಂದೇ ಇರುತ್ತಿತ್ತು. ಜಯಪುರದ ಕಡೆಯ ಅಜ್ಜಿಯೊಬ್ಬರು ಕೊಪ್ಪದಲ್ಲಿ ಹಾಗೆ ಹತ್ತಿ, ಎನ್.ಆರ್.ಪುರ ಬಂದ ಮೇಲೆ "ಮಠ ಬಂತಾ ಮಾಣಿ?" ಎಂದು ಕೇಳಿದ್ದರು. "ಬೋರ್ಡ್ ನೋಡ್ಬೇಡಿ ಅಜ್ಜಿ, ಕಂಡಕ್ಟರನ್ನ ಕೇಳಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಉಪದೇಶ ಮಾಡಿದ್ದೆ. ಆ ಅಜ್ಜಿಯ ಶಾಪವೇ ಇರಬೇಕು.

ನಸೀಮ ಇನ್ನೂ ಬಹಳ ಹೇಳಿದಳು. ತಂದ ಫೈಲನ್ನು ತೆರೆಯುವ ಮೊದಲು ಆಂಟಿವೈರಸ್ಸಿನಿಂದಲೇ ತಪಾಸಣೆ ಮಾಡಿಸುವುದು, ಅದು ಬೇಡ ಎಂದರೆ ಬೇಡ. ಅದನ್ನು ಬಂದ್ ಮಾಡು ಎಂದು ಯಾವ ಚೀಟಿ ಹೇಳುತ್ತದೋ ಅದನ್ನು ಅಲ್ಲೇ ಎಸೆಯುವುದು. ಆಟಕ್ಕೆ ಹಾರ್ನ್ ಹಾಕಲು ಮುಂದೆ ಯಾರಾದರೂ ನನ್ನ ಪಾಸ್‌ವರ್ಡು ಕೇಳಿದರೆ ಕೊಡದಿರುವುದು. ಹೀಗೆ ಒಂದೊಂದೇ ಹೇಳಿ ಕೊನೆಗೆ, "ರೋಡಿನ ಫೈಲು ಪೆನ್ ಡ್ರೈವಿಗೆ ಹಾಕಿ ಬೇರೆ ಇಟ್ಟಿದೀರಲ್ಲ?" ಎಂದು ಕೇಳಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವಳಿಗೆ ಅರ್ಥವಾಯಿತು. ತುಂಬ ಹೊತ್ತು ಕೀಲಿಗಳನ್ನು ಒತ್ತುತ್ತ ಕುಳಿತು, ಸಂಜೆಗೆ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದು ಮಾಡಿಕೊಟ್ಟು ಹೋದಳು.

"ಅಬ್ಬನಿಗೆ ನೀವೇ ಹೇಳಿ. ನಾನು ಹೇಳಲ್ಲ" ಎಂದಿದ್ದಳು ಹೋಗುವಾಗ.

ನಾನು ಹೇಳಲಿಲ್ಲ. ಕಂಪ್ಯೂಟರ್ ರಿಪೇರಿಗೆ ಹೋಗಿದೆ ಎಂದು ಫೋನ್ ಮಾಡಿದೆ. ಮುಂದಿನ ವಾರ, ಸಾಮಾನು ಶಿವಮೊಗ್ಗದಿಂದ ಬರಬೇಕಂತೆ ಎಂದೆ. ಅದರ ಮುಂದಿನ ವಾರ, ಕರೆಂಟಿನದೇ ತೊಂದರೆ ಎಂದೆ. "ಆಯ್ತು ಮಾರಾಯ" ಎಂದು ಮೂರು ಸಲವೂ ಅಷ್ಟೇ ಹೇಳಿದರು. ಸುಳ್ಳು ಹೇಳುವವನಿಗೆ ಎದುರಿನವರು ಸ್ವಲ್ಪ ಜಗಳವಾಡಿದರೆ ಅನುಕೂಲ. ಅವರು ಅದಕ್ಕೂ ಅವಕಾಶ ಕೊಡಲಿಲ್ಲ. ನಾಲ್ಕನೆಯ ವಾರ ನಸೀಮ ಫೋನ್ ಮಾಡಿದಳು. "ಲೋಟ ಮತ್ತೆ ಬಲಗೈಗೆ ಬಂದಿದೆ, ಶೀನಣ್ಣ" ಎಂದಳು. ಅಂದೇ ಅಂಗಡಿ ಬಾಗಿಲು ಹಾಕಿ ಎನ್.ಆರ್.ಪುರದ ಬಸ್ಸು ಹತ್ತಿದೆ. 

ಅಬ್ಬಾಸಣ್ಣ ಜಗುಲಿಯಲ್ಲಿ ಕುಳಿತಿದ್ದರು. ಎಡಗೈ ತೊಡೆಯ ಮೇಲೆ ಅವರದಲ್ಲದ ವಸ್ತುವಿನ ಹಾಗೆ ಬಿದ್ದಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಹಾರ್ನ್ ಹುಡುಕಿದ್ದು, ಚೀಟಿ ಓದಿದ್ದು, ಬಂದ್ ಮಾಡಿದ್ದು, ಬೀಗ ಬಿದ್ದದ್ದು, ಪ್ರತಿ ತೆಗೆದಿಡದೆ ಇದ್ದದ್ದು. ಬದುಕಿನಲ್ಲಿ ಅಷ್ಟು ಉದ್ದದ ಮಾತನ್ನು ಟಿಕೆಟ್ ಕೇಳದೆ ನಾನು ಆಡಿದ್ದು ಅದೇ ಮೊದಲು. ಅವರು ರಸ್ತೆಯ ಕಡೆ ನೋಡುತ್ತ ಕೇಳಿದರು. 

"ರೋಡ್ ಹೋದ್ರೆ ಹೋಗ್ಲಿ. ಅದು ನನ್ ತಲೇಲಿದೆ" ಎಂದರು ಕೊನೆಗೆ. "ನೀನು ಮೂರು ವಾರ ನನ್ ಹತ್ರ ಸುಳ್ಳು ಹೇಳಿದ್ಯಲ್ಲ ಮಾರಾಯ."

ನಾನು ತಲೆ ತಗ್ಗಿಸಿದೆ.

"ಹತ್ತೊಂಬತ್ತು ವರ್ಷ ನಿನ್ ಮಾತಿನ್ ಮೇಲೆ ರಿವರ್ಸ್ ತೆಗ್ದಿದೀನಿ. ಹಿಂದೆ ಚರಂಡಿ ಇತ್ತೋ, ಮಕ್ಕಳಿದ್ವೋ, ನಂಗೇನು ಕಾಣ್ತಿತ್ತಾ? ನೀನು ಬರ್ಲಿ ಅಂದ್ರೆ ಬರ್ತಿದ್ದೆ. ಒಂದಿನ ತಿರುಗಿ ನೋಡಿದೀನಾ, ಹೇಳು?"

ನೋಡಿರಲಿಲ್ಲ. ಕೊಪ್ಪದ ಸ್ಟ್ಯಾಂಡಿನ ಜನಜಂಗುಳಿಯಲ್ಲೂ ನೋಡಿರಲಿಲ್ಲ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಒಳಗೆ ಹೋಗಿ ಮಲಗಿದರು. ನಸೀಮ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದಳು. ದಾರಿಯಲ್ಲಿ ತನ್ನ ಬ್ಯಾಗಿನಿಂದ ಒಂದು ಪೆನ್ ಡ್ರೈವ್ ತೆಗೆದುಕೊಟ್ಟಳು. ಮೊದಲ ತಿಂಗಳು ನನಗೆ ಕಲಿಸಿಕೊಡುವಾಗ ಅವಳು ಇಟ್ಟುಕೊಂಡಿದ್ದ ಪ್ರತಿಯಂತೆ, ನಿನ್ನೆ ಹುಡುಕುವಾಗ ಸಿಕ್ಕಿತಂತೆ. ತಪಾಸಣೆ ಮಾಡಿದ್ದೇನೆ, ಸ್ವಚ್ಛವಾಗಿದೆ ಎಂದಳು. ಅಬ್ಬ ಬರುತ್ತಾರೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ಆ ಭಾನುವಾರ ನಾನು ಹತ್ತಕ್ಕೇ ಕೊಪ್ಪದ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹತ್ತೂವರೆಯ ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಎಲ್ಲರೂ ಇಳಿದ ಮೇಲೆ ಕೊನೆಗೆ ಅಬ್ಬಾಸಣ್ಣ ಇಳಿದರು. ಈ ಪ್ರಪಂಚದಲ್ಲಿ ಯಾರಾದರೂ ಬಸ್ಸಿನಿಂದ ಇಳಿದದ್ದಕ್ಕೆ ನನಗೆ ಅಷ್ಟು ಸಂತೋಷವಾದದ್ದಿಲ್ಲ. ಅವರು ನಮ್ಮ ಮನೆಯವರೆಗೆ ನಡೆದು, ಚಪ್ಪಲಿ ಬಿಟ್ಟು, ಕಂಪ್ಯೂಟರಿನ ಮುಂದೆ ಕುಳಿತರು.

ಪೆನ್ ಡ್ರೈವಿನಲ್ಲಿ ಇದ್ದದ್ದು ಶೃಂಗೇರಿಯ ಬಸ್ ಸ್ಟ್ಯಾಂಡ್ ಮಾತ್ರ. ನಾವು ಮೊದಲು ಮಾಡಿದ್ದು ಅದನ್ನೇ. ಒಂದು ಕಟ್ಟಡ, ಅದರ ಗೋಡೆಗೆ ಮೂತಿಯಿಟ್ಟು ನಿಂತ ಒಂದು ಬಸ್ಸು. ಸ್ಟ್ಯಾಂಡಿನ ಆಚೆ ರಸ್ತೆಯಿಲ್ಲ, ಮರವಿಲ್ಲ, ಬರಿಯ ಬೂದು ಬಯಲು.

"ಇಷ್ಟೇ ಉಳಿದಿರೋದು ಅಬ್ಬಾಸಣ್ಣ. ಎಲ್ಲಿಗೂ ಹೋಗೋ ಹಂಗಿಲ್ಲ" ಎಂದೆ.

"ಹೊರಗೆ ತೆಗಿಬೌದಲ್ಲ" ಎಂದರು.

ಎಡಗೈ ಎತ್ತಿ ಗೇರಿನ ಮೇಲಿಟ್ಟರು. ಅದು ಜಾರಿ ತೊಡೆಗೆ ಬಿತ್ತು. ಹಿಡಿದು ಇಡೋಣವೆಂದು ನನ್ನ ಕೈ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಎರಡನೆಯ ಸಲವೂ ಜಾರಿತು. ಮೂರನೆಯ ಸಲಕ್ಕೆ ಗೇರು ಕಟಕ್ಕನೆ ರಿವರ್ಸಿಗೆ ಬಿತ್ತು. ಆದರೆ ಬಸ್ಸು ಚಲಿಸಲಿಲ್ಲ. ಅಬ್ಬಾಸಣ್ಣ ಬ್ರೇಕಿನ ಮೇಲಿನ ಕಾಲು ತೆಗೆಯದೆ, ಪರದೆಯ ಕನ್ನಡಿಯನ್ನೂ ನೋಡದೆ, ಎದುರಿನ ಗೋಡೆಯನ್ನೇ ನೋಡುತ್ತ ಕುಳಿತಿದ್ದರು. ಅವರು ಏತಕ್ಕೆ ಕಾಯುತ್ತಿದ್ದಾರೆಂದು ನನಗೆ ಆಗ ತಿಳಿಯಿತು. ಎದ್ದು ಹೋಗಿ ಅವರ ಕುರ್ಚಿಯ ಹಿಂದೆ ನಿಂತೆ. 

"ಎಂತ ಶೀನ, ಹಿಂದೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ" ಎಂದೆ. "ಬರ್ಲಿ."

ಅವರು ತಿರುಗಿ ನೋಡಲಿಲ್ಲ. ಬಸ್ಸು ಹಿಂದಕ್ಕೆ ಬಂತು.